ಎಮರ್ಜೆನ್ಸಿಯ ನೂಕುನುಗ್ಗಲಿಗೆ ಕಾರಣ ಮೇಲಿನ ವಾರ್ಡಿನಲ್ಲಿದೆ

ಕಲಬುರಗಿಯ ದೊಡ್ಡಾಸ್ಪತ್ರೆಗಳಿಗೆ ಜೇವರ್ಗಿ, ಅಫಜಲಪುರ, ಚಿಂಚೋಳಿಯವರಷ್ಟೇ ಅಲ್ಲ, ಯಾದಗಿರಿ ಕಡೆಯವರೂ ಬರುತ್ತಾರೆ. ರಾತ್ರಿ ಹೊತ್ತು ಎಮರ್ಜೆನ್ಸಿಯಲ್ಲಿ ಕಾದವರಿಗೆ ಆ ಸಂಕಟ ಗೊತ್ತು. ಅಪ್ಪ ಸ್ಟ್ರೆಚರ್ ಮೇಲೆ, ಮಗನ ಕೈಯಲ್ಲಿ ಎತ್ತಿ ಹಿಡಿದ ಸಲೈನ್ ಬಾಟಲಿ. ಇಷ್ಟು ರಶ್ ಯಾಕೆ ಎಂದು ಕೇಳಿದರೆ ಉತ್ತರ ರೆಡಿ: "ಸಣ್ಣ ಜ್ವರಕ್ಕೂ ಇಲ್ಲಿಗೇ ಓಡಿ ಬರ್ತಾರ್ರಿ."

ಈ ಮಾತನ್ನು ಅಳೆದು ನೋಡಿದವರಿದ್ದಾರೆ. ಕೆನಡಾದ ಒಂಟಾರಿಯೊದಲ್ಲಿ ನೂರಕ್ಕೂ ಹೆಚ್ಚು ಎಮರ್ಜೆನ್ಸಿಗಳ ಲೆಕ್ಕ ಹಾಕಿದರು. 2007ರಲ್ಲಿ ಅದು ಪ್ರಕಟವಾಯಿತು. ಎಂಟು ತಾಸಿನಲ್ಲಿ ಸಣ್ಣಪುಟ್ಟ ತೊಂದರೆಯ 10 ಜನ ಜಾಸ್ತಿ ಬಂದರೆ, ಉಳಿದ ರೋಗಿಗಳು ಡಾಕ್ಟರನ್ನು ಕಾಣುವುದು ಸುಮಾರು 2 ನಿಮಿಷ ತಡವಾಗುತ್ತಿತ್ತು, ಅಷ್ಟೇ. ನಮ್ಮಲ್ಲಿ ಅಂಕಿ ಬೇರೆ ಇರಬಹುದು. ಆದರೆ ಜ್ವರದವರು ಮಾತ್ರೆ ತೊಗೊಂಡು ಮನೆಗೆ ಹೋಗುತ್ತಾರೆ, ಅವರಿಗೆ ಬೆಡ್ ಬೇಕಿಲ್ಲ ಅಲ್ವಾ? ಜಾಗ ಹಿಡಿಯುವುದು ಅಡ್ಮಿಟ್ ಎಂದು ಬರೆಸಿಕೊಂಡೂ ಕೆಳಗೆ ಎಮರ್ಜೆನ್ಸಿಯಲ್ಲೇ ಉಳಿದಿರುವವರು. ಮೇಲೆ ವಾರ್ಡಿನಲ್ಲಿ ಬೆಡ್ ಖಾಲಿ ಇಲ್ಲ. ಹೀಗಾಗಿ ಅಪಘಾತದಲ್ಲಿ ಗಾಯಗೊಂಡವರನ್ನು ಇಳಿಸಲು ಜಾಗವಿಲ್ಲದೆ 108 ಆಂಬುಲೆನ್ಸ್ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಆ ಹೊತ್ತಿನಲ್ಲಿ ಅದು ಇನ್ನೊಬ್ಬರ ಕರೆಗೆ ಹೋಗಲಾರದು.

ಬೆಡ್ಡೆಲ್ಲ ತುಂಬಿದ್ದರೆ ಆಸ್ಪತ್ರೆ ಚೆನ್ನಾಗಿ ನಡೆಯುತ್ತಿದೆ ಎಂದು ನಾವು ತಿಳಿಯುತ್ತೇವೆ. ಗಣಿತ ಹಾಗೆ ಹೇಳುವುದಿಲ್ಲ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಟೆಲಿಫೋನ್ ಕರೆಗಳ ಬಗ್ಗೆ ಬರೆದ ಲೇಖನದಿಂದ ಸರದಿ ಸಾಲಿನ ಶಾಸ್ತ್ರ ಶುರುವಾಯಿತು. ಅದರ ಅತಿ ಸರಳ ಲೆಕ್ಕ ನೋಡಿ. ಒಬ್ಬರೇ ಡಾಕ್ಟರು, ಒಬ್ಬ ರೋಗಿಗೆ ಸರಾಸರಿ 10 ನಿಮಿಷ. ರೋಗಿಗಳು ಹೇಳಿ ಕೇಳಿ ಬರುವುದಿಲ್ಲ. ಡಾಕ್ಟರಿಗೆ ಶೇ 50ರಷ್ಟು ಹೊತ್ತು ಕೆಲಸವಿದ್ದರೆ ರೋಗಿ ಸರಾಸರಿ 10 ನಿಮಿಷ ಕಾಯುತ್ತಾನೆ. ಶೇ 80ಕ್ಕೆ 40 ನಿಮಿಷ. ಶೇ 90ಕ್ಕೆ ಒಂದೂವರೆ ತಾಸು. ಶೇ 95ಕ್ಕೆ ಮೂರು ತಾಸು ದಾಟುತ್ತದೆ! ಕೆಲಸ ಹೆಚ್ಚಿದ್ದು ಸ್ವಲ್ಪ, ಕಾಯುವುದು ಹೆಚ್ಚಿದ್ದು ಎಷ್ಟೋ ಪಟ್ಟು. ಬೆಡ್ಡುಗಳದ್ದೂ ಇದೇ ಕಥೆ. ಶೇ 85ರಷ್ಟು ಬೆಡ್ ತುಂಬಿದ ಮೇಲೆ ಅಪಾಯ ಕಾಣಿಸಿಕೊಳ್ಳುತ್ತದೆ, ಶೇ 90 ದಾಟಿದರೆ ಬೆಡ್ಡಿನ ಪರದಾಟ ಮತ್ತೆ ಮತ್ತೆ ಬರುತ್ತದೆ ಎಂದು ಬ್ರಿಟನ್ನಿನ ಸಂಶೋಧಕರು 1999ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಹಾಗಾದರೆ ಬೆಡ್ ಬೇಗ ಖಾಲಿಯಾಗುವುದು ಹೇಗೆ? ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರು "ಇವತ್ತು ಮನೆಗೆ ಹೋಗಬಹುದು" ಎನ್ನುತ್ತಾರೆ. ಆಮೇಲೆ ಕೊನೆಯ ರಕ್ತ ಪರೀಕ್ಷೆಯ ರಿಪೋರ್ಟ್ ಬರಬೇಕು, ಡಿಸ್ಚಾರ್ಜ್ ಕಾರ್ಡ್ ಬರೆಯಬೇಕು, ಆಯುಷ್ಮಾನ್ ಕಾಗದಪತ್ರ ಮುಗಿಯಬೇಕು. ಎಲ್ಲ ಕೈಗೆ ಬರುವಷ್ಟರಲ್ಲಿ ಸಂಜೆ. "ಊರ ಬಸ್ ಹೋಗ್ಯಾದ್ರಿ ಸಿಸ್ಟರ್, ಇವತ್ತೊಂದ್ ರಾತ್ರಿ ಇಲ್ಲೇ ಇರ್ತೀವ್ರಿ." ಆಪರೇಷನ್ ಆದ ಅಜ್ಜಿಯನ್ನು ಕತ್ತಲಲ್ಲಿ ಬಸ್‌ಸ್ಟ್ಯಾಂಡಿಗೆ ಕಳಿಸಲು ಯಾರಿಗೆ ಮನಸ್ಸು ಬರುತ್ತದೆ? ಆ ಮನೆಯವರ ಮೇಲೆ ಸಿಟ್ಟು ಮಾಡುವುದರಲ್ಲಿ ಅರ್ಥವಿಲ್ಲ. ಆದರೆ ಗುಣವಾದವರು ಬೆಡ್ಡಿನಲ್ಲಿ ಇನ್ನೊಂದು ರಾತ್ರಿ ಕಳೆಯುತ್ತಾರೆ, ಕೆಳಗಿನವರಿಗೆ ಅದು ಸಿಗುವುದಿಲ್ಲ.

ಇದಕ್ಕೆ ಹೊಸ ಕಟ್ಟಡವೇ ಬೇಕಿಲ್ಲ. ನಾಳೆ ಮನೆಗೆ ಹೋಗುವವರ ಪಟ್ಟಿ ಇವತ್ತು ಸಂಜೆಯೇ ಆಗಲಿ. ಅವರ ಪರೀಕ್ಷೆಗಳೂ ಸಂಜೆಯೇ ಮುಗಿಯಲಿ. ಕಾಗದಕ್ಕೆ ಕಾಯುವವರಿಗೆ ಬೇರೆ ಕೋಣೆಯಲ್ಲಿ ಕುರ್ಚಿ, ಫ್ಯಾನು, ಕುಡಿಯುವ ನೀರು ಇರಲಿ. ತಾಲ್ಲೂಕು ಆಸ್ಪತ್ರೆಯವರು ರೋಗಿಯನ್ನು ಕಳಿಸುವ ಮುಂಚೆ ಒಂದು ಫೋನ್ ಮಾಡಲಿ. ನಮ್ಮ ಭಾಗಕ್ಕೆ ಇನ್ನಷ್ಟು ಬೆಡ್ ಖಂಡಿತ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಸ್ಚಾರ್ಜ್ ಸಂಜೆಗೇ ಆಗುತ್ತಿದ್ದರೆ ಹೊಸ ಬೆಡ್ಡುಗಳೂ ಹಗಲಿಡೀ ತುಂಬಿಯೇ ಇರುತ್ತವೆ.

ಬಾಗಿಲಲ್ಲೇ ನಾಡಿ, ಉಸಿರು, ಬಿಪಿ ನೋಡಿ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವ ಟ್ರಯಾಜ್ ಇದ್ದೇ ಇರಬೇಕು. ಅದು ಸಾಲನ್ನು ಚಿಕ್ಕದು ಮಾಡುವುದಿಲ್ಲ, ಎದೆನೋವಿನವರು ಸಾಲಿನ ಕೊನೆಯಲ್ಲಿ ಉಳಿಯದಂತೆ ನೋಡಿಕೊಳ್ಳುತ್ತದೆ. ನಿಮ್ಮವರು ವಾರ್ಡಿನಲ್ಲಿದ್ದರೆ ಸಂಜೆ ರೌಂಡ್ಸಿನಲ್ಲೇ ಕೇಳಿಬಿಡಿ: "ನಾಳೆ ಬಿಡ್ತೀರೇನ್ರಿ? ಯಾವ ಟೆಸ್ಟ್ ಬಾಕಿ ಅದ? ಯಾವ ಕಾಗದ ತರಬೇಕು?"