ಪದ ಪರಿಚಯ: ಕೋಲ್ಡ್ ರೂಮಿನ ‘ಟನ್’

ಹೋಟೆಲಿಗೋ ಸೂಪರ್‌ಮಾರ್ಕೆಟ್ಟಿಗೋ ಕೋಲ್ಡ್ ರೂಮ್ ಹಾಕಿಸಲು ಹೊರಟವರಿಗೆ ಬೆಂಗಳೂರಿನಲ್ಲಿ ಸಿಗುವ ಕೊಟೇಶನ್‌ಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣಿಸುತ್ತದೆ: ‘5 ಟನ್ ಕೋಲ್ಡ್ ರೂಮ್, ಮೆಷಿನ್ ಸಹಿತ’. ಯಾವುದು ಐದು ಟನ್? ಒಳಗೆ ಹಿಡಿಸುವ ತರಕಾರಿಯೋ, ಮೆಷಿನ್ನಿನ ಶಕ್ತಿಯೋ? ಬರೆದವರು ಹೇಳಿರುವುದಿಲ್ಲ, ಕೊಂಡವರು ಕೇಳಿರುವುದಿಲ್ಲ. ಏಪ್ರಿಲ್ ಬಿಸಿಲಿಗೆ ರೂಮು 12 ಡಿಗ್ರಿಯಿಂದ ಕೆಳಗಿಳಿಯದೆ ನಿಂತಾಗ ‘ಐದು ಟನ್ ಅಂತ ಹೇಳಿದ್ರಲ್ಲ ಸಾರ್’ ಎಂದು ಜಗಳ ಶುರುವಾಗುತ್ತದೆ. ಇಬ್ಬರ ಮಾತೂ ನಿಜವೇ ಇರಬಹುದು, ಆದರೆ ಒಬ್ಬೊಬ್ಬರು ಒಂದೊಂದು ಟನ್ನಿನ ಲೆಕ್ಕ ಹಿಡಿದಿರುತ್ತಾರೆ. ಕೂಲಿಂಗ್ ಟನ್ನನ್ನು ತೂಕದ ಟನ್ನಿನ ಜಾಗದಲ್ಲಿ ಬಳಸುವುದು ಈಗ ಎಷ್ಟು ಮಾಮೂಲಾಗಿದೆಯೆಂದರೆ, ಮಾರುವವರಲ್ಲೇ ಅನೇಕರು ಎರಡೂ ಒಂದೇ ಎಂದುಕೊಂಡಿದ್ದಾರೆ.

ಪದದ ಮೂಲಕ್ಕೆ ಹೋದರೆ ಗೊಂದಲ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದು ದ್ರಾಕ್ಷಾರಸ ತುಂಬುವ ದೊಡ್ಡ ಮರದ ಪೀಪಾಯಿಯ ಹೆಸರು. ಇಂಥ ಎಷ್ಟು ಪೀಪಾಯಿಗಳು ಹಿಡಿಸುತ್ತವೆ ಎಂಬುದರ ಮೇಲೆ ಹಡಗನ್ನು ಅಳೆಯುತ್ತಿದ್ದರು. ತುಂಬಿದ ಪೀಪಾಯಿಯ ಭಾರಕ್ಕೂ ಕ್ರಮೇಣ ಅದೇ ಹೆಸರು ಅಂಟಿಕೊಂಡಿತು. ಆ ಭಾರವೂ ಎಲ್ಲ ಕಡೆ ಒಂದೇ ಆಗಿ ಉಳಿಯಲಿಲ್ಲ. ಬ್ರಿಟಿಷ್ ಟನ್ 2,240 ಪೌಂಡು, ಅಮೆರಿಕದ್ದು 2,000 ಪೌಂಡು, ಮೆಟ್ರಿಕ್ ಟನ್ 1,000 ಕಿಲೊ. ಕೂಲಿಂಗ್ ಟನ್ ಹುಟ್ಟಿದ್ದು ಅಮೆರಿಕದ ಟನ್ನಿನಿಂದ, ಅಂದರೆ ಸುಮಾರು 907 ಕಿಲೊದಿಂದ.

ತಂಪನ್ನು ತೂಕದಲ್ಲಿ ಅಳೆದದ್ದಕ್ಕೆ ಕಾರಣವಿದೆ. ಕಂಪ್ರೆಸರ್ ಬರುವ ಮೊದಲು ತಂಪು ಮಾರಾಟವಾಗುತ್ತಿದ್ದುದು ಮಂಜುಗಡ್ಡೆಯಾಗಿಯೇ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜನ್ನು ಗರಗಸದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ, ಹಡಗಿಗೆ ಹಾಕುತ್ತಿದ್ದರು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕಳಿಸಿದ ಮಂಜಿನ ಹಡಗು 1833ರಲ್ಲಿ ಕಲ್ಕತ್ತಾ ತಲುಪಿತು. ಚೆನ್ನೈನ ಮರೀನಾ ದಂಡೆಯ ಎದುರು ಇರುವ ಐಸ್ ಹೌಸ್, ಈಗಿನ ವಿವೇಕಾನಂದರ್ ಇಲ್ಲಂ, ಅದೇ ವ್ಯಾಪಾರದ ಉಗ್ರಾಣ. ತಂಪು ಮಾಡುವ ಯಂತ್ರಗಳು ಬಂದಾಗ ಬಿಯರ್ ಮತ್ತು ಮಾಂಸದ ವ್ಯಾಪಾರಿಗಳಿಗೆ ಬೇಕಿದ್ದ ಲೆಕ್ಕ ಒಂದೇ: ಈ ಯಂತ್ರ ಕೊಂಡರೆ ದಿನಕ್ಕೆ ಎಷ್ಟು ಟನ್ ಐಸ್ ಕೊಳ್ಳುವುದು ತಪ್ಪುತ್ತದೆ? ಯಂತ್ರದ ಶಕ್ತಿಯ ಅಳತೆ ಆ ಲೆಕ್ಕದಲ್ಲೇ ನಿಂತುಬಿಟ್ಟಿತು.

ಆದ್ದರಿಂದ ಒಂದು ಟನ್ ಕೂಲಿಂಗ್ ಎಂದರೆ, 0 ಡಿಗ್ರಿಯ 2,000 ಪೌಂಡು ಮಂಜುಗಡ್ಡೆ 24 ಗಂಟೆಯಲ್ಲಿ ಕರಗಿ 0 ಡಿಗ್ರಿಯ ನೀರಾಗುವಾಗ ಹೀರಿಕೊಳ್ಳುವಷ್ಟು ಶಾಖ. ಒಂದು ಪೌಂಡು ಮಂಜು ಕರಗಲು 144 ಬಿಟಿಯು (ಶಾಖದ ಬ್ರಿಟಿಷ್ ಅಳತೆ) ಬೇಕು. 2,000ಕ್ಕೆ 2,88,000 ಬಿಟಿಯು. ಅದನ್ನು 24ರಿಂದ ಭಾಗಿಸಿದರೆ ಗಂಟೆಗೆ 12,000 ಬಿಟಿಯು. ಏಸಿ ಕೊಳ್ಳುವಾಗ ಕಿವಿಗೆ ಬೀಳುವ 12,000 ಬಂದದ್ದು ಇಲ್ಲಿಂದ. ಕಿಲೊವ್ಯಾಟ್‌ನಲ್ಲಿ 3.517, ಕಿಲೊಕ್ಯಾಲೊರಿಯಲ್ಲಿ ಗಂಟೆಗೆ 3,024.

ಈ ವ್ಯಾಖ್ಯೆಯಲ್ಲಿ ಎಲ್ಲರೂ ದಾಟಿಹೋಗುವ ಮಾತು ‘24 ಗಂಟೆಯಲ್ಲಿ’ ಎಂಬುದು. ಹೆಸರು ತೂಕದ್ದಾದರೂ ಅಳೆಯುತ್ತಿರುವುದು ಶಾಖ ಹೊರಹೋಗುವ ವೇಗವನ್ನು. ಸಂಪಿನಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದು ಬೇರೆ, ಮೋಟಾರು ನಿಮಿಷಕ್ಕೆ ಎಷ್ಟು ಲೀಟರ್ ಎತ್ತುತ್ತದೆ ಎಂಬುದು ಬೇರೆ. ಕೋಲ್ಡ್ ರೂಮಿನ ಎರಡು ಟನ್‌ಗಳ ನಡುವಿನ ವ್ಯತ್ಯಾಸವೂ ಅಷ್ಟೇ. ದರ್ಶಿನಿಯೊಂದರಲ್ಲಿ 30 ಡಿಗ್ರಿಯಲ್ಲಿರುವ 100 ಕಿಲೊ ದೋಸೆ ಹಿಟ್ಟನ್ನು 5 ಡಿಗ್ರಿಗೆ ಇಳಿಸಬೇಕು ಎಂದುಕೊಳ್ಳಿ. ಹೊರಗೆ ಹಾಕಬೇಕಾದ ಶಾಖ ಸುಮಾರು 8,750 ಕಿಲೊಜೂಲ್. ಆರು ಗಂಟೆಯಲ್ಲಿ ಇಳಿದರೆ ಸಾಕು ಎಂದಾದರೆ 0.12 ಟನ್ ಬೇಕು. ಎರಡೇ ಗಂಟೆಯಲ್ಲಿ ಇಳಿಯಬೇಕೆಂದರೆ 0.35 ಟನ್. ಹಿಟ್ಟು ಅಷ್ಟೇ, ಪಾತ್ರೆ ಅದೇ, ಟನ್ ಮಾತ್ರ ಮೂರು ಪಟ್ಟು. ‘ಎಷ್ಟು ಕಿಲೊ ಇಡ್ತೀರಿ’ ಎಂದು ಕೇಳಿ ‘ಎಷ್ಟು ಹೊತ್ತಿನಲ್ಲಿ ತಣಿಯಬೇಕು’ ಎಂದು ಕೇಳದೆ ಮೆಷಿನ್ ಹೇಳುವವರು ಊಹೆಯ ಮೇಲೆ ಹೇಳುತ್ತಿದ್ದಾರೆ.

ಈಗ ಆ ‘5 ಟನ್ ಕೋಲ್ಡ್ ರೂಮ್’. ಹೋಟೆಲುಗಳಲ್ಲಿ ಸಾಮಾನ್ಯವಾದ ಅಳತೆ ತೆಗೆದುಕೊಳ್ಳೋಣ: ಹತ್ತಡಿ ಉದ್ದ, ಎಂಟಡಿ ಅಗಲ, ಎಂಟಡಿ ಎತ್ತರ, ಸುತ್ತಲೂ ನೆಲಕ್ಕೂ 80 ಮಿಲಿಮೀಟರ್ ಪಫ್ ಪ್ಯಾನೆಲ್ (ಶಾಖ ತಡೆಯುವ ಫೋಮ್ ತುಂಬಿದ ಹಲಗೆ), ಒಳಗೆ 4 ಡಿಗ್ರಿ. ಒಳಗಿನ ಜಾಗ ಸುಮಾರು 18 ಘನ ಮೀಟರ್. ದೊಡ್ಡ ಕೋಲ್ಡ್ ಸ್ಟೋರೇಜ್‌ಗಳಿಗೆ ನಮ್ಮಲ್ಲಿ ಬಳಸುವ ಲೆಕ್ಕ ಒಂದು ಮೆಟ್ರಿಕ್ ಟನ್ ಸರಕಿಗೆ 3.4 ಘನ ಮೀಟರ್. ಆ ಲೆಕ್ಕದಲ್ಲಿ ಇದು ಐದು ಟನ್ನಿನ ರೂಮು. ರ‍್ಯಾಕ್ ಇಟ್ಟು ಓಡಾಡಲು ಜಾಗ ಬಿಟ್ಟರೆ ಅದರ ಅರ್ಧವೂ ಹಿಡಿಸುವುದಿಲ್ಲ, ಇರಲಿ.

ಇದಕ್ಕೆ ಬೇಕಾದ ಕೂಲಿಂಗ್ ಎಷ್ಟು? ಹೊರಗೆ 34 ಡಿಗ್ರಿ ಇದ್ದರೆ ಗೋಡೆ, ನೆಲ, ಸೂರಿನಿಂದ ದಿನಕ್ಕೆ ಸುಮಾರು 30,000 ಕಿಲೊಜೂಲ್ ಶಾಖ ಒಳಬರುತ್ತದೆ. ದಿನದ ಸರಕು 100 ಕಿಲೊ ಹಿಟ್ಟು, 150 ಕಿಲೊ ತರಕಾರಿ, ಆಗಲೇ ತಣ್ಣಗೆ ಬರುವ 100 ಲೀಟರ್ ಹಾಲು ಎಂದಿಟ್ಟುಕೊಂಡರೆ ಅದರದ್ದು 23,000. ಒಳಗಿನ ಫ್ಯಾನ್, ದೀಪ, ಸಾಮಾನು ತೆಗೆಯಲು ಒಳಹೋಗುವ ಹುಡುಗರ ಮೈಶಾಖ ಎಲ್ಲ ಸೇರಿ 15,000. ಬಾಗಿಲಿನದ್ದು? ಅಡುಗೆಮನೆಗೆ ಅಂಟಿದ ರೂಮಿನ ಬಾಗಿಲು ದಿನವಿಡೀ ತೆರೆಯುತ್ತಲೇ ಇರುತ್ತದೆ. ಒಳಗಿನ ಗಾಳಿ ದಿನಕ್ಕೆ ಐವತ್ತು ಸಲ ಪೂರ್ತಿ ಬದಲಾದರೆ 57,000. ಗೋಡೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು! ಪ್ಯಾನೆಲ್ 80 ಇರಲೋ 100 ಇರಲೋ ಎಂದು ವಾರಗಟ್ಟಲೆ ಚರ್ಚೆ ಮಾಡಿ, ಬಾಗಿಲಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪಟ್ಟಿಗಳ ಪರದೆ, ಅಂದರೆ ಸ್ಟ್ರಿಪ್ ಕರ್ಟನ್, ‘ಅಡ್ಡ ಬರುತ್ತೆ’ ಎಂದು ಮೇಲಕ್ಕೆ ಕಟ್ಟಿಬಿಡುವ ಅಡುಗೆಮನೆಗಳಿಗೆ ಈ ಅಂಕಿ ಮುಖ್ಯ.

ಒಟ್ಟು ದಿನಕ್ಕೆ 1,25,000 ಕಿಲೊಜೂಲ್. ಇದನ್ನು 24 ಗಂಟೆಗೆ ಹಂಚಬಾರದು. ರೂಮಿನ ಗಾಳಿಯನ್ನು ತಣಿಸುವ ಪೈಪಿನ ಸುರುಳಿಯ, ಅಂದರೆ ಕಾಯಿಲಿನ, ಮೇಲೆ ಕಟ್ಟಿದ ಮಂಜು ಕರಗಲು, ಅಂದರೆ ಡಿಫ್ರಾಸ್ಟ್‌ಗೆ, ಕಂಪ್ರೆಸರ್ ನಿಲ್ಲಲೇಬೇಕು. ಬೇಸಗೆಗೂ ಸ್ವಲ್ಪ ಕೈಯಲ್ಲಿರಬೇಕು. ಹಾಗಾಗಿ 16 ಗಂಟೆ ಓಡುತ್ತದೆಂದು ಹಿಡಿಯುತ್ತಾರೆ. ಆಗ 2.2 ಕಿಲೊವ್ಯಾಟ್, ಶೇಕಡ 10 ಸೇರಿಸಿದರೆ 2.4 ಕಿಲೊವ್ಯಾಟ್, ಅಂದರೆ 0.7 ಟನ್. ಸ್ಟ್ರಿಪ್ ಕರ್ಟನ್ ಸರಿಯಾಗಿದ್ದು ಬಾಗಿಲಿನ ಪಾಲು ಅರ್ಧಕ್ಕಿಳಿದರೆ 0.5 ಟನ್ನೇ ಸಾಕು. ಹೀಗೆ ಒಂದೇ ರೂಮು ಒಂದು ಕಾಗದದಲ್ಲಿ ಐದು ಟನ್, ಇನ್ನೊಂದರಲ್ಲಿ ಮುಕ್ಕಾಲು ಟನ್ನಿಗಿಂತ ಕಡಿಮೆ, ಮತ್ತು ಎರಡೂ ಸರಿ.

ಹಾಗಂತ ಮೆಷಿನ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಎರಡು ಟನ್ ಹಾಕಿಸಿದರೆ ಬೇರೆ ತೊಂದರೆ. ಕಾಯಿಲ್ ಅದೇ ಇದ್ದು ಕಂಪ್ರೆಸರ್ ದೊಡ್ಡದಾದರೆ ಕಾಯಿಲಿನ ಉಷ್ಣಾಂಶ ರೂಮಿಗಿಂತ ತೀರ ಕೆಳಗಿಳಿಯುತ್ತದೆ, ಗಾಳಿಯ ತೇವವನ್ನೆಲ್ಲ ಹೀರುತ್ತದೆ, ಸೊಪ್ಪು ಒಂದೇ ರಾತ್ರಿಯಲ್ಲಿ ಬಾಡುತ್ತದೆ. ಕಾಯಿಲ್ ಮೇಲೆ ಮಂಜು ಬೇಗ ಕಟ್ಟುತ್ತದೆ. ಕಂಪ್ರೆಸರ್ ಎರಡು ನಿಮಿಷ ಓಡಿ ನಿಲ್ಲುತ್ತ, ಮತ್ತೆ ಹತ್ತುತ್ತ, ಪ್ರತಿಸಲ ಸ್ಟಾರ್ಟಿಂಗ್ ಕರೆಂಟಿನ ಹೊಡೆತ ತಿನ್ನುತ್ತದೆ. ಕಂಪ್ರೆಸರಿನಿಂದ ಪೈಪಿಗೆ ಹೋದ ಎಣ್ಣೆ ವಾಪಸ್ ಬರಲು ಸಮಯವೇ ಸಿಗುವುದಿಲ್ಲ.

ಬಿಸಿ ಸಾಂಬಾರನ್ನು ನೇರ ಒಳಗಿಡುವವರಿಗೂ ಒಂದು ಅಂಕಿ: 80 ಡಿಗ್ರಿಯ 60 ಲೀಟರ್ ಸಾಂಬಾರು ತಣಿಯಲು 18,000 ಕಿಲೊಜೂಲ್ ಹೊರಹೋಗಬೇಕು. ಮೇಲೆ ಲೆಕ್ಕ ಹಾಕಿದ ಇಡೀ ದಿನದ ಸರಕಿಗೆ ಹತ್ತಿರ ಹತ್ತಿರ. ಅದರ ಹಬೆ ಕಾಯಿಲಿನ ಮೇಲೆ ಮಂಜಾಗುವುದು ಬೇರೆ. ಮೊದಲು ಪಾತ್ರೆಯನ್ನು ಐಸ್ ಹಾಕಿದ ನೀರಿನ ಸಿಂಕಿನಲ್ಲಿಟ್ಟು ಕೈಯಾಡಿಸಿ, ಆಳವಿಲ್ಲದ ಸ್ಟೀಲ್ ಟ್ರೇಗಳಿಗೆ ಬಗ್ಗಿಸಿ, ಆಮೇಲೆ ಒಳಗಿಡಿ. ದಿನವೂ ಇದೇ ಕೆಲಸವಾದರೆ ಬೇಕಾದದ್ದು ಬಿಸಿ ಅಡುಗೆಯನ್ನು ಬೇಗ ತಣಿಸುವ ಯಂತ್ರ, ಬ್ಲಾಸ್ಟ್ ಚಿಲ್ಲರ್. ಕೋಲ್ಡ್ ರೂಮ್ ಇರುವುದು ತಣ್ಣಗಿರುವುದನ್ನು ತಣ್ಣಗೇ ಇಡಲಿಕ್ಕೆ.

ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದು. ಯಾವ ಉಷ್ಣಾಂಶದಲ್ಲಿ ಎಂದು ಹೇಳದ ಟನ್ನಿಗೆ ಅರ್ಥವಿಲ್ಲ. ಏಸಿ ಕಂಪ್ರೆಸರುಗಳನ್ನು ಸಾಮಾನ್ಯವಾಗಿ ಪರೀಕ್ಷಿಸುವುದು ಕಾಯಿಲಿನೊಳಗೆ ಶಾಖ ಹೊತ್ತೊಯ್ಯುವ ಗ್ಯಾಸು 7.2 ಡಿಗ್ರಿಯಲ್ಲಿ ಆವಿಯಾಗುತ್ತ, ಹೊರಗೆ 54.4 ಡಿಗ್ರಿಯಲ್ಲಿ ದ್ರವವಾಗುತ್ತ ಇರುವಾಗ. ಅದೇ ಕಂಪ್ರೆಸರನ್ನು ಫ್ರೀಜರಿಗಾಗಿ ಮೈನಸ್ 25ರಲ್ಲಿ ಓಡಿಸಿದರೆ ಟನ್ ಮೊದಲಿದ್ದುದರ ಕಾಲು ಭಾಗಕ್ಕೋ ಮೂರನೇ ಒಂದು ಭಾಗಕ್ಕೋ ಇಳಿದುಹೋಗುತ್ತದೆ. ಹಳೆಯ ಏಸಿಗಳಲ್ಲಿರುವ ಆರ್-22 ಗ್ಯಾಸಿನದ್ದೇ ನೋಡಿ: 7 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 6.2 ಬಾರ್, ಮೈನಸ್ 25ರಲ್ಲಿ 2 ಬಾರ್. ಒತ್ತಡ ಬಿದ್ದಂತೆ ಗ್ಯಾಸು ತೆಳುವಾಗುತ್ತದೆ. ಪಿಸ್ಟನ್ ಎಳೆಯುವ ಜಾಗ ಅಷ್ಟೇ ಇದ್ದರೂ ಒಳಬರುವ ಗ್ಯಾಸಿನ ತೂಕ ಕಡಿಮೆ, ಹೊತ್ತೊಯ್ಯುವ ಶಾಖವೂ ಕಡಿಮೆ.

200 ಕಿಲೊ ಕೋಳಿಮಾಂಸವನ್ನು 10 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿಸಲು ಸುಮಾರು 62,000 ಕಿಲೊಜೂಲ್ ತೆಗೆಯಬೇಕು. ಅದರಲ್ಲಿ ಹೆಚ್ಚಿನ ಪಾಲು ಮಾಂಸದೊಳಗಿನ ನೀರು ಮಂಜಾಗುವ ಗುಪ್ತೋಷ್ಣವೇ. ನಾಲ್ಕು ಗಂಟೆಯಲ್ಲಿ ಮುಗಿಯಬೇಕೆಂದರೆ 1.2 ಟನ್, ಅದೂ ಮೈನಸ್ 25ಕ್ಕಿಂತ ಕೆಳಗೆ. ‘ಒಂದೂವರೆ ಟನ್ ಏಸಿ ಔಟ್‌ಡೋರ್ ಇದೆಯಲ್ಲ, ಸಾಕು’ ಎಂದು ಜೋಡಿಸಿಕೊಟ್ಟರೆ ಸಿಗುವುದು ಅರ್ಧ ಟನ್ನೂ ಇಲ್ಲ. ಅಲ್ಲದೆ ಆ ಕಂಪ್ರೆಸರಿನ ಮೋಟಾರು ತಣ್ಣಗಿರುವುದು ವಾಪಸ್ ಬರುವ ಗ್ಯಾಸಿನಿಂದ. ಗ್ಯಾಸು ಕಡಿಮೆ ಬಂದರೆ ಮೋಟಾರು ಬಿಸಿಯಾಗುತ್ತದೆ, ಎಣ್ಣೆ ಕಪ್ಪಾಗುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. ಇದಕ್ಕೆ ‘ವೋಲ್ಟೇಜ್ ಸರಿ ಇರಲಿಲ್ಲ’ ಎಂದು ಬೆಸ್ಕಾಂ ಮೇಲೆ ಹೊರಿಸುವುದು ಅನ್ಯಾಯ.

ಎಚ್‌ಪಿಯಲ್ಲಿ ಮಾತಾಡಿದರೆ ಗೊಂದಲ ತೀರುವುದಿಲ್ಲ. ಒಂದು ಎಚ್‌ಪಿಗೆ ಒಂದು ಟನ್ ಎಂಬ ಅಂದಾಜು ಏಸಿಗೆ ಮಾತ್ರ. ಹಾಲು ತರಕಾರಿಯ ರೂಮಿಗೆ ಮುಕ್ಕಾಲು ಟನ್ನಿನ ಆಸುಪಾಸು, ಫ್ರೀಜರಿಗೆ ಅರ್ಧಕ್ಕಿಂತ ಕಡಿಮೆ. ವಿಸಿ ಕೂಲರ್ (ಗಾಜಿನ ಬಾಗಿಲಿನ ಫ್ರಿಜ್), ಡೀಪ್ ಫ್ರೀಜರ್‌ಗಳ ಲೀಟರ್ ಅಳತೆ ಬರಿಯ ಒಳಜಾಗದ್ದು.

ಐಸ್ ಫ್ಯಾಕ್ಟರಿಯವರ ಟನ್ ಮೂರನೆಯದು. ‘10 ಟನ್ ಐಸ್ ಪ್ಲಾಂಟ್’ ಎಂದರೆ ದಿನಕ್ಕೆ 10 ಮೆಟ್ರಿಕ್ ಟನ್ ಐಸ್. ಅದಕ್ಕೆ 10 ಟನ್ ಕೂಲಿಂಗ್ ಸಾಲದು. ವ್ಯಾಖ್ಯೆಯಲ್ಲಿರುವುದು 0 ಡಿಗ್ರಿಯ ನೀರು, ನಲ್ಲಿಯಲ್ಲಿ ಬರುವುದು 28 ಡಿಗ್ರಿಯದ್ದು. ಅದನ್ನು ತಣಿಸಿ, ಹೆಪ್ಪುಗಟ್ಟಿಸಿ, ಇನ್ನೂ ಐದು ಡಿಗ್ರಿ ಕೆಳಗಿಳಿಸಲು ಪ್ರತಿ ಟನ್ ಐಸಿಗೆ 1.5 ಟನ್ ಕೂಲಿಂಗ್ ಬೇಕು. ಸೋರಿಹೋಗುವುದನ್ನೂ ಸೇರಿಸಿದರೆ 1.7ರಿಂದ 1.8.

ಟನ್ ಕರೆಂಟಿನ ಅಳತೆಯೂ ಅಲ್ಲ. 3.5 ಕಿಲೊವ್ಯಾಟ್ ಶಾಖ ಹೊರಹಾಕಲು ಏಸಿಗೆ ಸುಮಾರು ಒಂದು ಕಿಲೊವ್ಯಾಟ್ ವಿದ್ಯುತ್ ಸಾಕಾದರೆ, 4 ಡಿಗ್ರಿಯ ರೂಮಿಗೆ ಒಂದೂವರೆ, ಫ್ರೀಜರಿಗೆ ಎರಡೂವರೆಯಿಂದ ಮೂರು ಬೇಕಾಗುತ್ತದೆ. ಶಾಖವನ್ನು ಹೊರಗಾಳಿಗೆ ಬಿಡುವ ಕಂಡೆನ್ಸರಿನಲ್ಲಿ ಗ್ಯಾಸಿನ ಉಷ್ಣಾಂಶ ಒಂದೊಂದು ಡಿಗ್ರಿ ಏರಿದಾಗಲೂ ಖರ್ಚು ಶೇಕಡ 2ರಿಂದ 3 ಹೆಚ್ಚುತ್ತದೆ, ಟನ್ನೂ ಇಳಿಯುತ್ತದೆ. ಕಾವಲಿಯ ಚಿಮಣಿ ಹೊಗೆ ಬಿಡುವ ಡಕ್ಟಿನಲ್ಲೇ ಕಂಡೆನ್ಸರ್ ಕೂರಿಸಿದರೆ ಜಿಡ್ಡು, ಧೂಳು ಸೇರಿ ತೆಳು ಲೋಹದ ಪಟ್ಟಿಗಳಾದ ಫಿನ್‌ಗಳ ನಡುವೆ ಗೋಡೆಯಂತೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಮೆದು ಬ್ರಷ್ಷಿನಿಂದ ಫಿನ್‌ಗಳ ಉದ್ದಕ್ಕೆ ಉಜ್ಜಿ, ಕಾಯಿಲ್ ಕ್ಲೀನರ್ ಹಾಕಿ ತೊಳೆಯಬೇಕು. ಪ್ರೆಷರ್ ಪಂಪು ಹತ್ತಿರದಿಂದ ಹಿಡಿದರೆ ಫಿನ್ ಮಡಚಿ ಇದ್ದ ದಾರಿಯೂ ಮುಚ್ಚುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿಯ ಗಾಳಿ ಚೆನ್ನೈಗಿಂತ ಸುಮಾರು ಶೇಕಡ 10 ತೆಳು. ಅದೇ ಫ್ಯಾನು ಅಷ್ಟೇ ವೇಗದಲ್ಲಿ ತಿರುಗಿದರೂ ಕಂಡೆನ್ಸರಿನಿಂದ ಒಯ್ಯುವ ಗಾಳಿಯ ತೂಕ ಕಡಿಮೆ. ಹವೆ ಹಿತವಾಗಿದೆ ಎಂದು ಕಂಡೆನ್ಸರನ್ನು ಚಿಕ್ಕದು ಮಾಡಿ ಉಳಿತಾಯ ತೋರಿಸುವ ಕೊಟೇಶನ್‌ಗೆ ಒಪ್ಪಬೇಡಿ.

ಕೊಟೇಶನ್ನಿನಲ್ಲಿ ಬೇಕಾದ ಸಾಲು ಹೀಗಿರಲಿ: ‘ಕೂಲಿಂಗ್ 2.4 ಕಿಲೊವ್ಯಾಟ್, ಆವಿಯಾಗುವ ಉಷ್ಣಾಂಶ ಮೈನಸ್ 5, ದ್ರವವಾಗುವ ಉಷ್ಣಾಂಶ 50, ದಿನಕ್ಕೆ 16 ಗಂಟೆ ಓಟ’. ಸರಕಿನ ತೂಕವನ್ನು ಬೇರೆ ಸಾಲಿನಲ್ಲಿ, ಕಿಲೊದಲ್ಲಿ ಬರೆಸಿ. ಹೀಗೆ ಬರೆದುಕೊಡಲು ಹಿಂದೇಟು ಹಾಕಿದರೆ ಕಂಪ್ರೆಸರಿನ ಮಾಡೆಲ್ ನಂಬರ್ ಪಡೆದು ತಯಾರಕರ ಕ್ಯಾಟಲಾಗ್ ತೆಗೆಯಿರಿ. ಅದರಲ್ಲಿ ಈ ಎರಡು ಉಷ್ಣಾಂಶಗಳ ಕೋಷ್ಟಕ ಇರುತ್ತದೆ. ಎರಡೂ ಕೂಡುವ ಮನೆಯಲ್ಲಿರುವ ವ್ಯಾಟ್ ಅಂಕಿಯನ್ನು 3,517ರಿಂದ ಭಾಗಿಸಿದರೆ, ನಿಮ್ಮ ರೂಮಿಗೆ ನಿಜವಾಗಿ ಸಿಗುವ ಟನ್ ಬರುತ್ತದೆ.