ಗೇಟಿಗೆ ಬೀಗ ಹಾಕುವ ಮೊದಲು

"ಗೇಟಿಗೆ ಬೀಗ ಹಾಕಿಬಿಟ್ಟಿದ್ದೀವಿ ಮೇಡಂ. ಇನ್ನು ಭಯ ಇಲ್ಲ." ಫೋನಿನಲ್ಲಿ ಮಗನ ದನಿಯಲ್ಲಿ ನೆಮ್ಮದಿ ಇತ್ತು. ಅಮ್ಮನಿಗೆ 78. ಮರೆವಿನ ಕಾಯಿಲೆ ಶುರುವಾಗಿದೆ. ದಿನಾ ಬೆಳಿಗ್ಗೆ ಎರಡು ಬೀದಿ ಆಚೆಯ ಗಣಪತಿ ಗುಡಿಗೆ ಹೋಗುವುದು ಅವರ 40 ವರ್ಷದ ರೂಢಿ. ಒಮ್ಮೆ ದಾರಿಯಲ್ಲಿ ಬಿದ್ದು ಮೊಣಕೈ ತರಚಿಕೊಂಡರು. ಅದಕ್ಕೇ ಬೀಗ.

ನಾನು ಹೋದಾಗ ಅಜ್ಜಿ ಹೂವಿನ ಬುಟ್ಟಿ ಹಿಡಿದು ಜಗಲಿಯಲ್ಲಿ ಕೂತಿದ್ದರು. "ನಾನೇನು ದನಾನಾ, ಕಟ್ಟಿಹಾಕೋಕೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಿರಿಯರ ಆರೈಕೆಯ ಕೆಲಸದಲ್ಲಿ ಮನೆಯವರು ನನ್ನನ್ನು ಜಾಸ್ತಿ ಕೇಳುವುದು ಒಂದೇ: "ಇವರಿಗೆ ಬುದ್ಧಿ ಸರಿಯಾಗಿದೆಯಾ, ಇಲ್ಲವಾ?" ಯಾವ ವಿಷಯಕ್ಕೆ ಅಂತ ನಾನು ತಿರುಗಿ ಕೇಳುತ್ತೇನೆ. ಬ್ಯಾಂಕಿನ ಲೆಕ್ಕ ತಿಳಿಯದವರಿಗೆ ಏನು ಉಣ್ಣಬೇಕು, ಯಾರ ಜೊತೆ ಇರಬೇಕು ಅನ್ನೋದು ಚೆನ್ನಾಗಿಯೇ ಗೊತ್ತಿರಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಗೆ ಸಂಬಂಧಿಸಿದ್ದು, ನಿಜ. ಆದರೂ ಅದರ 4ನೇ ಸೆಕ್ಷನ್‌ನ ಒಂದು ಮಾತನ್ನು ನಾನು ಎಲ್ಲ ಮನೆಗಳಲ್ಲೂ ಹೇಳುತ್ತೇನೆ: ಒಬ್ಬರ ನಿರ್ಧಾರ ಬೇರೆಯವರಿಗೆ ತಪ್ಪು ಅನ್ನಿಸಿತು ಅಂದಮಾತ್ರಕ್ಕೆ ಅವರಿಗೆ ನಿರ್ಧರಿಸುವ ಶಕ್ತಿ ಇಲ್ಲ ಎಂದಾಗುವುದಿಲ್ಲ.

ಮಾತಾಡಿಸುವ ಹೊತ್ತೂ ಮುಖ್ಯ. ಮರೆವು ಇರುವ ಎಷ್ಟೋ ಜನಕ್ಕೆ ಸಂಜೆಯಾದರೆ ಗಲಿಬಿಲಿ ಹೆಚ್ಚು. ಹಾಗಾಗಿ ನಾನು ಹೋಗುವುದು ಬೆಳಿಗ್ಗೆ, ಕಾಫಿ ಆದಮೇಲೆ. ಕನ್ನಡಕ, ಕಿವಿಯ ಮೆಷಿನ್ ಹಾಕಿಸಿಯೇ ಮಾತು. ಕಿವಿ ಕೇಳದವರನ್ನು ಬುದ್ಧಿ ಮಂಕಾದವರು ಅಂದುಕೊಂಡ ಮನೆಗಳನ್ನು ನೋಡಿದ್ದೇನೆ. ಎರಡೇ ದಿನದಲ್ಲಿ ಗೊಂದಲ ಜಾಸ್ತಿಯಾಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದದ್ದು, ಹೊಸ ಮಾತ್ರೆ, ಯಾವುದೂ ಇರಬಹುದು.

"ಮತ್ತೆ ಬಿದ್ದರೆ ಏನು ಮಾಡ್ತೀರಿ?" ಎಂದು ಅಜ್ಜಿಯನ್ನು ಕೇಳಿದೆ. "ಎತ್ತೋರು ಇದ್ದಾರಮ್ಮ. ಮೂಳೆ ಮುರಿದರೆ ಮಲಗಬೇಕಾಗತ್ತೆ, ಗೊತ್ತು. ಹಾಗಂತ ಈಗಲೇ ಮಲಗಲಾ?" ಅಂದರು.

ಮರುದಿನ ಅವರ ಹಿಂದೆಯೇ ಗುಡಿಗೆ ನಡೆದೆ. ದಾರಿ ಒಂದಿಷ್ಟೂ ತಪ್ಪಲಿಲ್ಲ. ದೊಡ್ಡ ರಸ್ತೆ ದಾಟುವಾಗ ಮಾತ್ರ ಬರುವ ಸ್ಕೂಟರ್‌ಗಳ ಕಡೆ ನೋಡಲೇ ಇಲ್ಲ. ಅಂದರೆ ಅಪಾಯ ಇದ್ದದ್ದು ಆ ಹತ್ತು ಹೆಜ್ಜೆಯಲ್ಲಿ. ಆ ಮೂಲೆಯಲ್ಲಿ ಹೂವು ಮಾರುವಾಕೆ ಅಜ್ಜಿಯ ಹಳೇ ಪರಿಚಯ. ಕೈಹಿಡಿದು ದಾಟಿಸಲು ಆಕೆ ಒಪ್ಪಿದರು. ಜಾರುವ ಹವಾಯಿ ಚಪ್ಪಲಿ ಹೋಗಿ ಹಿಂದೆ ಪಟ್ಟಿ ಇರುವ ಚಪ್ಪಲಿ ಬಂತು. ಬುಟ್ಟಿಯ ತಳದಲ್ಲಿ ಮಗನ ನಂಬರ್ ಬರೆದ ಚೀಟಿ. ಮಗನಿಗೆ ನಾನು ಕೇಳಿದ್ದು ಒಂದೇ: ನೀವೆಲ್ಲ ಕೆಲಸಕ್ಕೆ ಹೋದಾಗ ಅಡುಗೆಮನೆಯಲ್ಲಿ ಬೆಂಕಿ ಹತ್ತಿಕೊಂಡರೆ ಬೀಗ ತೆಗೆಯುವವರು ಯಾರು?

ಎಲ್ಲ ಕಡೆ ನಾನು ಇಷ್ಟು ಸಲೀಸಾಗಿ ಒಪ್ಪುವುದಿಲ್ಲ. ಒಬ್ಬ ತಾತ ಅಣ್ಣನ ಮಗನಿಗೆ ಮನೆಯನ್ನು ದಾನಪತ್ರ ಮಾಡಲು ಹೊರಟಿದ್ದರು. "ನನ್ನಿಷ್ಟ" ಅಂದರು. ಆದರೆ ನಾನು ಕೇಳಿದ ಪ್ರತಿ ಪ್ರಶ್ನೆಗೂ ಉತ್ತರ ಬಂದದ್ದು ಪಕ್ಕದಲ್ಲಿ ಕೂತ ಹುಡುಗನಿಂದ. ಅವನನ್ನು ಹೊರಗೆ ಕಳಿಸಿ ಮಾತಾಡಿಸಿದಾಗ, "ಮಾಡದಿದ್ದರೆ ಊಟ ಯಾರು ಹಾಕ್ತಾರೆ?" ಅಂದರು ತಾತ. ಅದು ಇಷ್ಟವಲ್ಲ, ಹೆದರಿಕೆ. ಪತ್ರ ಮಾಡಲೇಬೇಕೆಂದರೆ, ನೋಡಿಕೊಳ್ಳಬೇಕು ಎಂಬ ಷರತ್ತನ್ನು ಅದರಲ್ಲೇ ಬರೆಸಿ ಎಂದು ಹೇಳಿದೆ. ಆ ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಪತ್ರ ರದ್ದು ಮಾಡಿಸಬಹುದು. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಗಳ ಹತ್ತಿರ. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

ಅಜ್ಜಿ ಈಗಲೂ ಗುಡಿಗೆ ಹೋಗುತ್ತಾರೆ. ಮಳೆ ಬಂದ ದಿನ ತಾವೇ "ಇವತ್ತು ಬೇಡ" ಅನ್ನುತ್ತಾರಂತೆ. ಹೋದ ವಾರ ಮತ್ತೆ ಬಿದ್ದರು, ಬಚ್ಚಲುಮನೆಯಲ್ಲಿ. ಅಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ ಅಂತ ಮೊದಲ ದಿನವೇ ಹೇಳಿದ್ದೆ. ಈಗ ಹಾಕಿಸುತ್ತಿದ್ದಾರೆ.