ದೃಶ್ಯ ಸಾಧನ: ಕಣ್ಣಿಗೆ ಕೊಡುವ ನೆರವು

‘ವಿಷುಯಲ್ ಏಡ್’ ಎಂಬ ಮಾತಿಗೆ ಕನ್ನಡದಲ್ಲಿ ‘ದೃಶ್ಯ ಸಾಧನ’ ಎನ್ನುವುದು ರೂಢಿ. ಭಾಷಣ ಮಾಡುವವರು ಮಾತಿನ ಜೊತೆಗೆ ತೋರಿಸುವ ಚಿತ್ರ, ನಕ್ಷೆ, ಸ್ಲೈಡು, ಹಲಗೆ ಮೇಲಿನ ಬರಹ, ಕೈಯಲ್ಲಿ ಹಿಡಿದ ವಸ್ತು, ಎಲ್ಲ ಇದರಲ್ಲಿ ಸೇರುತ್ತವೆ. ಆದರೆ ನನಗೆ ‘ಸಾಧನ’ಕ್ಕಿಂತ ‘ನೆರವು’ ಇಷ್ಟ. ಸಾಧನ ಅಂದ ಕೂಡಲೇ ಮನಸ್ಸು ಪ್ರೊಜೆಕ್ಟರ್ ಕಡೆ ಓಡುತ್ತದೆ. ನೆರವು ಅಂದರೆ ‘ಯಾರಿಗೆ?’ ಎಂದು ಕೇಳಬೇಕಾಗುತ್ತದೆ, ಅಲ್ವಾ? ಕೂತು ಕೇಳುವವರಿಗೆ. ಮಾತಾಡುವವರು ಮರೆಯದಿರಲಿ ಅಂತ ಬರೆದುಕೊಂಡದ್ದು ಟಿಪ್ಪಣಿ. ಅದು ಜೇಬಿನಲ್ಲಿರಲಿ.

ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಮುಂಚೆ ನಡೆದ ಅಡಿಕೆ ಬೆಳೆಗಾರರ ಸಭೆಯೊಂದರಲ್ಲಿ ನನಗೆ ಈ ವ್ಯತ್ಯಾಸ ಕಣ್ಣಿಗೆ ಕಟ್ಟಿತು. ವಿಷಯ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ, ಅದಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ. ಮೊದಲು ಮಾತಾಡಿದವರು ಸ್ಲೈಡಿನ ತುಂಬ ಬರೆದು ತಂದಿದ್ದರು: 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು, ಹೀಗೇ ಹದಿನೈದು ಸಾಲು. ಪರದೆಗೆ ಮುಖ ಮಾಡಿ ಅಷ್ಟನ್ನೂ ಓದಿದರು. ನಾವು ಅವರಿಗಿಂತ ಮುಂಚೆ ಓದಿ ಮುಗಿಸಿ ಸುಮ್ನೆ ಕೂತೆವು.

ಆಮೇಲೆ ಬಂದವರು ಮೇಜಿನ ಮೇಲೆ ಎರಡು ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಇಟ್ಟರು. ಒಂದರಲ್ಲಿ ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ. ಇನ್ನೊಂದರಲ್ಲಿ ಅಷ್ಟೇ ನೀರಿಗೆ ಸುಣ್ಣ, ಬೇಕಂತಲೇ ಕಡಿಮೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಕಿದರು. ಒಂದು ಕಬ್ಬಿಣದ ಚಾಕು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಹಿಡಿದರು. ಅಲಗಿನ ಮೇಲೆ ಕೆಂಪು ತಾಮ್ರ! ಹುಳಿ ಜಾಸ್ತಿ ಆಗಿದೆ, ಇದನ್ನೇ ಹೊಡೆದರೆ ಎಳೆಗಾಯಿ ಸುಡುತ್ತದೆ, ಸುಣ್ಣದ ತಿಳಿ ಇನ್ನಷ್ಟು ಹಾಕಿ ಎಂದರು. ಹಾಕಿದ ಮೇಲೆ ಚಾಕು ಒರೆಸಿ ಮತ್ತೆ ಅದ್ದಿದಾಗ ಕೆಂಪು ಹತ್ತಲಿಲ್ಲ. ಹೊರಗೆ ಮಳೆ ಶುರುವಾಗಿ ತಗಡಿನ ಮಾಡಿನ ಸದ್ದಿಗೆ ಹಿಂದಿನ ಸಾಲಿಗೆ ಅರ್ಧ ಮಾತು ಕೇಳಿಸಿರಲಿಕ್ಕಿಲ್ಲ. ಚಾಕು ಮಾತ್ರ ಎಲ್ಲರಿಗೂ ಕಂಡಿತು. ನನ್ನ ಪ್ರಕಾರ ಈ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಹಾಗಂತ ಕಣ್ಣಿಗೆ ಕಾಣುವುದೆಲ್ಲ ದೃಶ್ಯ ಸಾಧನ ಅಲ್ಲ. ಸಾಗರ, ಸೊರಬದ ದೀವರ ಸಮುದಾಯದವರ ಮನೆ ಗೋಡೆಯ ಹಸೆ ಚಿತ್ತಾರ ತನ್ನ ಪಾಡಿಗೆ ತಾನೇ ಪೂರ್ತಿಯಾದ ಕಲೆ. ಅದಕ್ಕೆ ಯಾರ ಮಾತೂ ಬೇಡ. ಅದರ ಮುಂದೆ ನಿಂತು ಒಂದೊಂದು ಎಳೆ ತೋರಿಸುತ್ತ ಯಾರಾದರೂ ವಿವರಿಸಿದಾಗ ಆ ಹೊತ್ತಿಗೆ ಅದು ಸಾಧನವಾಗುತ್ತದೆ.

ಚಿತ್ರ ದಾರಿ ತಪ್ಪಿಸುವುದೂ ಉಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು, ಮೈಗೆ ಕಚ್ಚಿ ರಕ್ತ ಹೀರುವ ಪುಟ್ಟ ಹುಳ. ಪರದೆ ತುಂಬ ದೊಡ್ಡದು ಮಾಡಿ ತೋರಿಸಿದರೆ, ಕಾಡಿಗೆ ಹೋಗಿ ಬಂದವರು ಮೈಮೇಲೆ ದೊಡ್ಡ ಹುಳವನ್ನೇ ಹುಡುಕುತ್ತಾರೆ. ಮರಿ ಉಣುಗು ಒಂದು ಚುಕ್ಕೆಯಷ್ಟೇ. ಪಕ್ಕದಲ್ಲಿ ಸಾಸಿವೆ ಕಾಳು ಇಟ್ಟು ತೆಗೆದ ಫೋಟೊ ಇದ್ದರೆ ಅಳತೆ ಗೊತ್ತಾಗುತ್ತದೆ.

ವಸ್ತುವನ್ನು ಕೈಯಿಂದ ಕೈಗೆ ದಾಟಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಕೊನೆಯ ಸಾಲಿಗೆ ಅದು ತಲುಪುವ ಹೊತ್ತಿಗೆ ಮಾತು ಎಲ್ಲೋ ಹೋಗಿರುತ್ತದೆ. ಎತ್ತಿ ತೋರಿಸಿ, ನೋಡಲು ಬಿಡಿ, ಆ ಹೊತ್ತು ಮಾತಾಡಬೇಡಿ. ಮುಟ್ಟಿ ನೋಡುವುದು ಕಾಫಿ ಹೊತ್ತಿಗಿರಲಿ.

ಕನ್ನಡದಲ್ಲಿ ಸ್ಲೈಡು ಮಾಡುವವರಿಗೆ ಇನ್ನೊಂದು ಮಾತು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಕ್ಷರ ಸಣ್ಣದಾದರೆ ಮೊದಲು ಕಾಣದಾಗುವುದು ಅವೇ. ಸಾಲುಗಳ ನಡುವೆ ಜಾಗ ಬಿಡಿ, ಸಭೆಗೆ ಮುಂಚೆ ಕೊನೆಯ ಬೆಂಚಿನಲ್ಲಿ ಕೂತು ‘ತುತ್ತ’ದ ಒತ್ತು ಕಾಣುತ್ತದೆಯೇ ನೋಡಿ.